ಬಾಣಂತಿ ವಾರ್ಡಿನ ಚೌಕಾಸಿ

ಕುರ್ಲಾದ ನಮ್ಮ ಬಿಲ್ಡಿಂಗಿನಲ್ಲಿ ಪಕ್ಕದ ಮನೆಗೆ ಕೂಸು ಬಂದಿದೆ. ಇವತ್ತು ಬೆಳಿಗ್ಗೆ ಓಮ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ ನಮ್ಮ ಅಡುಗೆಮನೆಯವರೆಗೂ ಬಂತು. ಕಿಟಕಿ ತೆರೆದಿಡಿ ಎಂದು ಸಲಹೆ ಕೊಡಲು ಹೊರಟವಳು ಅವರ ಬಾಗಿಲಲ್ಲೇ ನಿಂತೆ.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಇಂಗ್ಲೆಂಡಿನಲ್ಲಿ ನರ್ಸಿಂಗ್ ಕಲಿತು ಬಂದು, ಕಲ್ಯಾಣದಿಂದಾಚೆ ಹಳ್ಳಿಯೊಂದರ ಸಣ್ಣ ಆಸ್ಪತ್ರೆ ಸೇರಿದೆ. ಪರೇಲಿನ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಅಲ್ಲಿಗೇಕೆ ಎನ್ನುತ್ತೀರಾ? ಕ್ವಾರ್ಟರ್ಸ್ ಕೊಡುತ್ತೇವೆಂದರು, ಬಾವಿಗೆ ಹತ್ತಿರದ್ದೇ ಆಗಬೇಕೆಂದು ಪಡೆದೆ. ನೀವೂ ಕೆಲಸಕ್ಕೆ ಸೇರುವ ಮೊದಲೇ ಕೇಳಿಬಿಡಿ, ಆಮೇಲೆ ಯಾರೂ ಕೊಡುವುದಿಲ್ಲ. ಡಾಕ್ಟರು ವಾರಕ್ಕೆರಡು ಸಲ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಉಳಿದಂತೆ ನನ್ನದೇ ದರ್ಬಾರು. ಇಂಗ್ಲೆಂಡಿನ ಪಾಠದಂತೆ ಬೆಳಿಗ್ಗೆ ವಾರ್ಡಿನ ಕಿಟಕಿಗಳನ್ನೆಲ್ಲ ತೆರೆಸುತ್ತಿದ್ದೆ.

ರಸ್ತೆ ಕೆಲಸಕ್ಕೆ ಬಂದಿದ್ದ ವಿಜಾಪುರದ ಕಡೆಯ ಶಾಂತವ್ವ ಹೆತ್ತ ಮೇಲೆ ಜ್ವರ ಹಿಡಿದು ಮಲಗಿದ್ದಳು. ಇಂಜೆಕ್ಷನ್ ನಡುವೆ ನಿಂತರೆ ಅವಳು ಉಳಿಯುವುದು ಕಷ್ಟವಿತ್ತು. ಅವಳ ಅತ್ತೆ ಗಂಗವ್ವ ಕಿಟಕಿ ನೋಡಿ ಸೊಂಟಕ್ಕೆ ಕೈಯಿಟ್ಟಳು.

“ಬಾಣಂತಿಗೆ ಗಾಳಿ ಬಡಸಿ ಕೊಲ್ಲತೀರೇನ್ರೀ ಬಾಯಾರ? ಈಗಿಂದೀಗ ಕರಕೊಂಡ ಹೊಂಟೆ.”

ತಿಳಿಸಿ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಮಲ್ಪೆಯಲ್ಲಿ ಅಮ್ಮ ಮೀನು ಮಾರುವುದನ್ನು ನೋಡಿ ಬೆಳೆದವಳು. ಚೌಕಾಸಿ ಶುರು ಮಾಡಿದೆ.

“ಕಿಟಕಿ ಮುಚ್ಚುತ್ತೇನೆ ಮಾರಾಯ್ತಿ. ಜ್ವರ ಬಿಡುವವರೆಗೆ ಇಂಜೆಕ್ಷನ್ ಬಿಡಬಾರದು.”

“ಕಿವಿಗೆ ಅರಿವಿ ಕಟ್ಟತೀನಿ.”

“ಕಟ್ಟಿ.”

“ಮಂಚದ ಬುಡಕ ಕೆಂಡ ಇಡತೀನಿ.”

“ಕೆಂಡ, ಹೊಗೆ ಎಲ್ಲ ವರಾಂಡದಲ್ಲಿ. ಬಟ್ಟೆ ಕಾಯಿಸಿ ಒಳಗೆ ತನ್ನಿ.”

“ನೀವು ತಣ್ಣೀರಾಗ ಮೈ ಒರಸಂಗಿಲ್ಲ ಮತ್ತ.”

“ಆಯ್ತು, ಬಿಸಿನೀರೇ.”

ಮರುದಿನ ಡಾಕ್ಟರು ವರಾಂಡದ ಹೊಗೆಗೆ ಕೆಮ್ಮುತ್ತ ಬಂದರು.

“ಏನು ಸಿಸ್ಟರ್, ಲಂಡನ್ನಿನಲ್ಲಿ ಕಲಿಸಿದ್ದು ಇದನ್ನೇನಾ?”

“ಅಲ್ಲ ಡಾಕ್ಟರೇ, ಮಲ್ಪೆಯಲ್ಲಿ.”

ಜ್ವರ ಇಳಿಯಿತು. ಶಾಂತವ್ವ ಕೂಸನ್ನೆತ್ತಿಕೊಂಡು ಹೋದಳು. ಆ ಚೌಕಾಸಿಯಲ್ಲಿ ಗೆದ್ದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ.

ಇವತ್ತು ಪಕ್ಕದ ಮನೆಯ ಬಾಗಿಲಲ್ಲಿ ನಿಂತಾಗ ಯಾಕೋ ಆ ವಾರ್ಡು ಮತ್ತೆ ಕಣ್ಣಿಗೆ ಕಟ್ಟಿತು. ಈಗಿಂದೀಗ ಹೊಂಟೆ ಎಂದ ಗಂಗವ್ವ ಸೊಸೆಯ ಒಂದು ಸೀರೆಯನ್ನೂ ಮಡಚಿರಲಿಲ್ಲ. ಗಾಡಿಗೆ ಹೇಳಿರಲಿಲ್ಲ. ಮಲಗಿದ್ದ ಕೂಸನ್ನು ಎತ್ತಿಕೊಂಡೂ ಇರಲಿಲ್ಲ. ಉಳಿಯಲೆಂದೇ ನಿಂತವಳು ನನ್ನಿಂದ ಒಂದೊಂದಾಗಿ ತನಗೆ ಬೇಕಾದುದನ್ನೆಲ್ಲ ಗಿಟ್ಟಿಸಿಕೊಂಡಿದ್ದಳು.

ಸಲಹೆಯನ್ನು ನುಂಗಿಕೊಂಡು, ಕೂಸಿನ ಮುಖ ನೋಡಲು ಒಳಗೆ ಹೋದೆ.