ಅಳಿಸಲಾಗದ ನಾಲ್ಕನೇ ಕೋಣೆ

ಕಲಘಟಗಿ ಬಸ್ ಸ್ಟ್ಯಾಂಡಿನ ಎದುರು ಆರು ಕೋಣೆಗಳ ಲಾಡ್ಜಿಗೆ ನಾನು ಏಕಚಕ್ರಾಧಿಪತಿ. ಪ್ರಜೆಗಳು ಮಾತ್ರ ಇರಲಿಲ್ಲ. ನಮ್ಮೂರಿನ ಹೆಸರುವಾಸಿ ಬಣ್ಣದ ತೊಟ್ಟಿಲು ಕೊಳ್ಳಲು ಬರುವವರೂ ಮೊಬೈಲಿನಲ್ಲೇ ಹುಬ್ಬಳ್ಳಿಯ ಕೋಣೆ ಹಿಡಿದು, ಇಲ್ಲಿ ಚಹಾ ಕುಡಿದು ಹೋಗುತ್ತಿದ್ದರು. ದೀಪಾವಳಿಯೊಳಗೆ ಗಿರಾಕಿ ಹತ್ತದಿದ್ದರೆ ಲಾಡ್ಜನ್ನು ಗೊಬ್ಬರದ ಗೋದಾಮಿಗೆ ಕೊಡುವುದೆಂದು ನಮ್ಮ ಮನೆಯವಳು ಠರಾವು ಪಾಸು ಮಾಡಿದ್ದಳು. ಸಭೆಯಲ್ಲಿ ವಿರೋಧ ಪಕ್ಷವಿರಲಿಲ್ಲ.

ಹಾಗಾಗಿ ಹುಬ್ಬಳ್ಳಿಯಲ್ಲಿ ಲಾಡ್ಜ್ ಮಾಲೀಕರ ಸಭೆಗೆ ಹೋದೆ. ಟೈ ಕಟ್ಟಿದ ತಜ್ಞನೊಬ್ಬ ಬ್ಲಾಕ್‌ಚೈನ್ ಬುಕಿಂಗ್ ವಿವರಿಸಿದ: ನಡುವೆ ದಲಾಲರಿಲ್ಲ; ದಾಖಲೆ ನೂರಾರು ಕಂಪ್ಯೂಟರುಗಳಲ್ಲಿ ಇರುತ್ತದೆ; ಒಮ್ಮೆ ಬರೆದದ್ದನ್ನು ಬ್ರಹ್ಮನೂ ಅಳಿಸಲಾರ.

“ಅಳಸಾಕ ಬರೂದಿಲ್ಲಂದ್ರ ಅದೇನ್ ರಜಿಸ್ಟರ್ ರೀ, ಶಿಲಾಶಾಸನ!” ಎಂದರು ಬಾಜೂ ಕೂತ ಅಣ್ಣಿಗೇರಿಯ ಹಿರಿಯ ಮಾಲೀಕರು.

“ನಿಮ್ಮ ಲಾಡ್ಜ್ ತುಂಬೇತೇನ್ರಿ, ಕಾಕಾ?” ಎಂದೆ.

“ತುಂಬೇತಿ. ಹಾಸಿಗ್ಯಾಗ ಅಗದಿ ತಗಣಿ ತುಂಬ್ಯಾವು.”

ಎಲ್ಲರೂ ನಕ್ಕರು, ಯಾರೂ ಸಹಿ ಮಾಡಲಿಲ್ಲ. ನಾನೊಬ್ಬ ಮಾಡಿದೆ. ಧೈರ್ಯ ಇತ್ತೆಂದಲ್ಲ, ಗೊಬ್ಬರದ ವಾಸನೆ ಆಗಲೇ ಮೂಗಿಗೆ ಬಡಿಯುತ್ತಿತ್ತು.

ಮೂರನೇ ವಾರ ಮೊದಲ ಬುಕಿಂಗ್ ಬಂತು. ಬೆಳಗಾವಿಯ ದಂಪತಿ, ನಾಲ್ಕನೇ ಕೋಣೆ. ಕಮೋಡ್ ಇರುವುದು ಅದೊಂದಕ್ಕೇ. ‘ಬರ್ತೀವ್ರಿ’ ಎಂದವರಿಗಾಗಿ ಮಧ್ಯಾಹ್ನದ ತನಕ ಕಾಯುವುದು, ಬರದಿದ್ದರೆ ಬಾಗಿಲಲ್ಲಿ ನಿಂತವರಿಗೆ ಚಾವಿ ಕೊಡುವುದು, ಇದು ನಮ್ಮಪ್ಪನ ಕಾಲದ ಸಂವಿಧಾನ. ಅಂದು ಎರಡು ಗಂಟೆಗೆ ಅಳ್ನಾವರದ ಅಜ್ಜಿಯೊಬ್ಬರು ಬಂದರು. ತೊಟ್ಟಿಲಿನ ಬಣ್ಣ ಒಣಗಿಲ್ಲ, ನಾಳೆ ಬರ್ರಿ ಎಂದು ತೊಟ್ಟಿಲು ಮಾಡುವವರು ಹೇಳಿದ್ದರಂತೆ. ಮೊಣಕಾಲಿನ ಆಪರೇಶನ್ ಆಗಿತ್ತು, ಕುಕ್ಕರಗಾಲಲ್ಲಿ ಕೂರಲಾರರು. ಚಾವಿ ಕೊಟ್ಟೆ.

ನಾಲ್ಕಕ್ಕೆ ದಂಪತಿ ಹಾಜರು.

“ಬುಕಿಂಗ್ ಮಾಡೀವಲ್ರಿ!”

“ಮಾಡೀರಿ ಖರೆ. ಆದ್ರ ಬರಲೇ ಇಲ್ಲಲ್ರಿ.”

“ಬಂದೀವಲ್ರಿ ಈಗ!”

ಬೇರೆ ಕೋಣೆ ತೋರಿಸಿದೆ, ಚಹಾ ತರಿಸಿದೆ, ಕೈ ಮುಗಿದೆ. ಅವರು ಮೊಬೈಲಿನ ಮೇಲೆ ಬೆರಳಾಡಿಸಿ ಹೊರಟುಹೋದರು. ‘ಬುಕ್ ಆದ ಕೋಣೆ ಕೊಡಲಿಲ್ಲ’ ಎಂಬ ಬಿರುದು ಆ ಬ್ರಹ್ಮನೂ ಅಳಿಸಲಾರದ ದಾಖಲೆಯಲ್ಲಿ ನಮ್ಮ ಲಾಡ್ಜಿನ ಹೆಸರಿಗೆ ಅಂಟಿತು. ತಜ್ಞನಿಗೆ ಫೋನ್ ಹಚ್ಚಿದೆ.

“ತೆಗೀರಿ ಸಾಹೇಬ್ರ, ನಂದ ತಪ್ಪಾತು.”

“ತಪ್ಪಾಯ್ತು ಅಂತ ಬೇಕಾದ್ರೆ ಸೇರಿಸಬಹುದು ಸರ್. ತೆಗೆಯೋಕಾಗಲ್ಲ.”

ಆಮೇಲೆ ಬುಕಿಂಗ್ ಬರಲಿಲ್ಲ. ದೀಪಾವಳಿಗೆ ಹತ್ತು ದಿನವಿದ್ದಾಗ ಗೋದಾಮಿನವರು ಬಂದು ಕೋಣೆಗಳನ್ನು ಟೇಪಿನಿಂದ ಅಳೆದರು. ನನಗೆ ಕೂರಲಾಗಲಿಲ್ಲ. ಮೂವತ್ತು ವರ್ಷ ಗಿರಾಕಿ ತಾನಾಗಿ ಬರಲಿ ಎಂದು ಗಲ್ಲಾಪೆಟ್ಟಿಗೆ ಬಿಟ್ಟೇಳದವನು ರಸ್ತೆ ದಾಟಿ, ಹುಬ್ಬಳ್ಳಿ ಬಸ್ಸಿನ ಬಾಗಿಲಿಗೆ ಅಡ್ಡ ನಿಂತು, “ರೂಮ್ ಬೇಕೇನ್ರಿ, ರೂಮ್?” ಎಂದು ಕೂಗಿದೆ. ಇಳಿದವರೆಲ್ಲ ಕಂಬ ಬಳಸಿದಂತೆ ನನ್ನನ್ನು ಬಳಸಿ ನಡೆದರು. ಕೊನೆಗೆ ಕಂಡಕ್ಟರ್ ಒಬ್ಬನೇ ನನ್ನ ಮುಖ ನೋಡಿದ.

“ಯಜಮಾನ್ರ, ಬಾಜೂ ಸರೀರಿ. ಬಾಗಲಾ ಹಾಕಬೇಕು.”