ಅಕ್ಕನ ಬ್ಲಾಗಿನಿಂದ ಉಳಿದದ್ದು

ಇವತ್ತು ಹಾಲು ಕಾಯಿಸಿದೆ, ಮೆಂತ್ಯಸೊಪ್ಪು ಸೋಸಿದೆ, ಬೆಡ್‌ಶೀಟ್ ಒಗೆದು ಬಾಲ್ಕನಿಯಲ್ಲಿ ಹರವಿದೆ, ಗ್ಯಾಸ್ ಬುಕ್ ಮಾಡಿದೆ, ಮಣಿನಗರ ಸ್ಟೇಶನ್ನಿಗೆ ಹೋಗಿ ಅಕ್ಕನ ಮಗಳನ್ನು ಕರೆತಂದೆ.

ಅಕ್ಕ ತೀರಿಕೊಂಡ ಮೇಲೆ ಹುಡುಗಿ ಸೂರತ್ತಿನಿಂದ ಬಂದದ್ದು ಇದೇ ಮೊದಲು. ಅವಳ ಅಮ್ಮ ಕನ್ನಡದಲ್ಲಿ ಬರೆಯುತ್ತಿದ್ದ ಬ್ಲಾಗನ್ನು ನಾನು ಓದಿ ಹೇಳಬೇಕಿತ್ತು. ಸೂರತ್ತಿನ ಅಡಾಜಣ್‌ನಲ್ಲಿ ಬೆಳೆದವಳಿಗೆ ಕನ್ನಡ ಮಾತು ಅಷ್ಟಿಷ್ಟು ಬರುತ್ತದೆ, ಓದಲು ಬರುವುದಿಲ್ಲ.

ಬ್ಲಾಗ್ ಇದ್ದ ಸೈಟು ಹೋದ ತಿಂಗಳು ಮುಚ್ಚಿತು. ಅಷ್ಟರೊಳಗೆ ಇವಳು ರೆಗೆಕ್ಸ್ ಬರೆದು ಬರಹಗಳನ್ನು ಇಳಿಸಿಕೊಂಡಿದ್ದಳು. ಬರಹ ಇಲ್ಲಿ ಶುರು, ಇಲ್ಲಿ ಮುಗಿಯಿತು ಎಂದು ವೆಬ್ ಪುಟದ ಬೆನ್ನಿಗೆ ಗುರುತುಗಳಿರುತ್ತವಂತೆ. ಆ ಎರಡರ ನಡುವಿನದನ್ನಷ್ಟೇ ಹೆಕ್ಕುವ ಒಂದು ಸಾಲಿನ ಸೂತ್ರ ಅದು.

“ಎಲ್ಲಾ ಬಂದದ ಮೌಶಿ. ಆ್ಯಡ್ ಗೀಡ್ ಏನೂ ಇಲ್ಲ, ಏಕದಮ್ ಕ್ಲೀನ್.”

ಓದಿದೆ. ಮಾದಲಿ. ಮುಂದಿನದು ಝುಣಕ. ಅದರ ಮುಂದಿನದು ಕರಿಂಡಿ.

“ಬರೇ ಅಡಗಿ ಅದಲ್ಲವಾ. ಉಳಿದದ್ದೆಲ್ಲಿ?”

“ಉಳಿದದ್ದು ಅಂದ್ರ?”

ಅಕ್ಕನ ಪದ್ಧತಿ ಅದು. ಮೇಲೆ ಬಣ್ಣದ ಪೆಟ್ಟಿಗೆಯೊಳಗೆ ಅಡಿಗೆ, ಕೆಳಗೆ ತನ್ನ ಮನಸ್ಸಿನ ಮಾತು. “ಅಡಗಿ ಹುಡುಕ್ಕೊಂಡು ಬಂದವ್ರನ್ನ ನನ್ನ ಪುರಾಣಕ್ಕ ಕೂಡಸಬಾರದು” ಅನ್ನುತ್ತಿದ್ದಳು.

ಹುಡುಗಿ ಸೂತ್ರವನ್ನು ನೋಡುತ್ತ ಕೂತಳು. ಪೆಟ್ಟಿಗೆ ಮುಚ್ಚುವ ಗುರುತೂ ಬರಹ ಮುಚ್ಚುವ ಗುರುತೂ ಒಂದೇ. ಮೊದಲು ಸಿಕ್ಕದ್ದಕ್ಕೇ ಸೂತ್ರ ನಿಂತುಬಿಟ್ಟಿತ್ತು. ಪೂರ್ತಿ ಪುಟಗಳನ್ನು ಅವಳು ಇಟ್ಟುಕೊಂಡಿರಲಿಲ್ಲ. ನೆಟ್‌ನಲ್ಲಿ ಹಳೆಯ ಪ್ರತಿಗಾಗಿ ಮಧ್ಯಾಹ್ನವೆಲ್ಲ ಹುಡುಕಿದಳು, ಸಿಗಲಿಲ್ಲ.

“ಚೆಕ್ ಮಾಡಿದ್ದೆ ಮೌಶಿ. ಪ್ರತಿ ಫೈಲ್‌ನ್ಯಾಗೂ ಕನ್ನಡ ಇತ್ತು. ಅಷ್ಟೇ ನನಗ ಗೊತ್ತಾಗೂದು.”

ನಮ್ಮ ಮನೆಯವರು ಚಹಾ ಮಾಡಿ ತಂದಿಟ್ಟು ಒಳಗೆ ಹೋದರು.

“ನೀವು ಓದಿದ್ರಲ್ಲಾ, ಒಂದರೆ ಹೇಳ್ರಿ.”

ಹೇಳಿದೆ. ಇವಳು ವಡೋದರಾದಲ್ಲಿ ಓದುತ್ತಿದ್ದಾಗ ಅಕ್ಕ ಚಕ್ಕುಲಿ ಡಬ್ಬಿ ಹಿಡಿದು ಫತೇಗಂಜ್ ಹಾಸ್ಟೆಲ್ಲಿಗೆ ಹೋಗಿದ್ದಳು. ಎದುರಿನ ಅಂಗಡಿಯಲ್ಲಿ ಇವಳು ಗೆಳತಿಯರ ಜೊತೆ ನಗುತ್ತ ತಿನ್ನುತ್ತಿದ್ದಳಂತೆ. ಅಕ್ಕ ಕರೆಯಲಿಲ್ಲ. ಡಬ್ಬಿಯನ್ನು ವಾಚ್‌ಮನ್ ಕೈಗೆ ಕೊಟ್ಟು ಸೂರತ್ ಗಾಡಿ ಹತ್ತಿದಳು.

“ಯಾರ ಕೈಲೋ ಕಳಿಸಿದ್ದು ಅಂದ್ಕೊಂಡಿದ್ದೆ,” ಅಂದಳು. ಚಹಾ ಬದಿಗೆ ಸರಿಸಿ, “ಯಾಕ ಕರೀಲಿಲ್ಲ ಅಂತ ಬರ್ದಿದ್ಲು?”

ಬರೆದಿದ್ದಳು. ಏನಂತ ಬರೆದಿದ್ದಳೋ, ಎಷ್ಟು ಯೋಚಿಸಿದರೂ ನನಗೆ ನೆನಪಾಗಲಿಲ್ಲ. ಹಾಗೆಂದೇ ಹೇಳಿದೆ.

ರಾತ್ರಿ ಖಿಚಡಿ, ಕಢಿ, ಸುಟ್ಟ ಹಪ್ಪಳ. ಅವಳು ಖಿಚಡಿ ಅರ್ಧ ಬಿಟ್ಟಳು. ಮೊದಲು ನಿದ್ದೆ ಹೋದವಳೂ ಅವಳೇ, ಅತ್ತು ದಣಿದು, ನನ್ನ ಮಗ್ಗುಲಲ್ಲಿ.