ಹೂವು ಬಾಗಿತ್ತು, ಜೇನಿರಲಿಲ್ಲ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಈಗ ವಯಸ್ಸಾಯಿತು, ನೆಪಗಳೂ ಮುಗಿದವು.

ಸತ್ತವರ ನೆರಳು ಪಟದಲ್ಲಿ ಮೂಡಿತು ಎಂಬಂಥ ಮಾತುಗಳನ್ನು ನಾನು ನಂಬಿದವನಲ್ಲ. ಕೆ.ಆರ್. ಪೇಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೆ. ಒಂದೇ ಫಿಲಂ ಮೇಲೆ ಎರಡು ಸಲ ಬೆಳಕು ಬಿಟ್ಟರೆ ಯಾರ ನೆರಳನ್ನು ಬೇಕಾದರೂ ಮೂಡಿಸಬಹುದು. ಅಂಥ ಪಟ ಹಿಡಿದು ಬಂದವರನ್ನು ನಕ್ಕು ಕಳಿಸುತ್ತಿದ್ದೆ. ಎದುರಿಗೇ ಇದ್ದದ್ದು ಪಟದಲ್ಲಿ ಮೂಡದೇ ಹೋಗಬಹುದು ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮದುವೆಯ ರೋಲಿನ ಕೊನೆಯಲ್ಲಿ ನಾಲ್ಕೈದು ಫ್ರೇಮು ಉಳಿಯುತ್ತಿದ್ದವು. ಅವುಗಳಲ್ಲಿ ಹೂವಿಗೆ ಬರುವ ಜೇನು, ಚಿಟ್ಟೆಗಳ ಪಟ ತೆಗೆಯುವ ಹುಚ್ಚು ನನಗೆ. ಲೆನ್ಸಿನ ಮುಂದೆ, ಸಣ್ಣದನ್ನು ದೊಡ್ಡದಾಗಿ ತೋರಿಸುವ ಇನ್ನೊಂದು ಗಾಜು ಸಿಕ್ಕಿಸಿಕೊಂಡು ತೊಣ್ಣೂರು ಕೆರೆಯ ಏರಿ, ಶ್ರೀರಂಗಪಟ್ಟಣದ ಹೊಳೆದಂಡೆ ಎಂದು ಸುತ್ತುತ್ತಿದ್ದೆ. ಚಿಟ್ಟೆಯಾದರೆ ರೆಕ್ಕೆ ಮಡಚಿ ಒಂದಿಷ್ಟು ಹೊತ್ತು ಕೂತು ಹೀರುತ್ತದೆ. ಜೇನು ಹಾಗಲ್ಲ. ಫೋಕಸ್ಸು ಸಿಗುವಷ್ಟರಲ್ಲಿ ಮುಂದಿನ ಹೂವಿಗೆ ಹೋಗಿರುತ್ತದೆ.

ಸಂತೆಬಾಚಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ ಸಿದ್ದಾಚಾರಿ ಎಂಬ ಗೆಳೆಯನಿದ್ದ. ಮರಗೆಲಸದವನು. ತಾನೇ ಮಾಡಿದ ನಾಲ್ಕು ಜೇನುಪೆಟ್ಟಿಗೆಗಳನ್ನು ಹಿತ್ತಲಲ್ಲಿ ಇಟ್ಟಿದ್ದ. ಅವನ್ನು ನೋಡಿಕೊಳ್ಳುತ್ತಿದ್ದವರು ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು, ಊರಿಗೆಲ್ಲ ಅಕ್ಕನೇ. ನಾನು ಹಿತ್ತಲಲ್ಲಿ ಮೊಣಕಾಲೂರಿದರೆ ಆಚಾರಿ ಉಳಿ ಕೆಳಗಿಟ್ಟು ರೇಗಿಸುತ್ತಿದ್ದ.

"ಎಣ್ಣು ಗಂಡುನ್ ಬುಟ್ಟು ನೊಣದ್ ಪಟ ತೆಗಿತಾವ್ನೆ. ಲೇ, ಅದುಕ್ಕೂ ವಸಿ ಪೌಡ್ರು ಬಳುದ್ಬುಡ್ಲಾ, ಚೆಂದಾಗಿ ಬತ್ತದೆ."

"ಸುಮ್ಕಿರ್ಲಾ, ಅವುನ್ ಪಾಡ್ಗೆ ಅವ್ನು ತಕ್ಕಳ್ಲಿ" ಎಂದು ಅಕ್ಕ ಒಳಗಿನಿಂದಲೇ ಗದರುತ್ತಿದ್ದರು.

ಒಂದು ಬೇಸಿಗೆಯ ಬೆಳಿಗ್ಗೆ ಹೋದಾಗ ಆಚಾರಿ ಸಂತೆಗೆ ಹೋಗಿದ್ದ. ಬಿಸಿಲಲ್ಲಿ ಬಂದೆನೆಂದು ಅಕ್ಕ ನಮ್ಮ ಕಡೆಯ ರೂಢಿಯಂತೆ ಒಂದು ಚೂರು ಬೆಲ್ಲ, ಒಂದು ಲೋಟ ನೀರು ಕೊಟ್ಟು ಒಳಗೆ ಹೋದರು. ಬಚ್ಚಲ ನೀರಿಗೆ ಬೆಳೆದಿದ್ದ ಚೆಂಡುಹೂವಿನ ಹತ್ತಿರ ಜೇನು ಸುಳಿಯುತ್ತಿತ್ತೇ ಹೊರತು ಕೂರುತ್ತಿರಲಿಲ್ಲ. ನಾನು ಆ ಬೆಲ್ಲವನ್ನು ಲೋಟದಲ್ಲೇ ಕದಡಿ ತೋರುಬೆರಳಿನಿಂದ ಹೂಗಳಿಗೆ ಸವರಿದೆ. ಹೂವಿಲ್ಲದ ಕಾಲದಲ್ಲಿ ಪೆಟ್ಟಿಗೆಗಳ ಬಳಿ ಸಿಹಿ ಇಡಬಾರದು, ಒಂದು ಪೆಟ್ಟಿಗೆಯ ಜೇನು ಇನ್ನೊಂದಕ್ಕೆ ನುಗ್ಗಿ ಕೊಳ್ಳೆ ಹೊಡೆಯುತ್ತದೆ ಎಂದು ಆಚಾರಿ ನನಗೆ ಮೊದಲೇ ಹೇಳಿದ್ದ. ಹೇಳಿದ್ದು ನೆನಪಿತ್ತು. ನಾಲ್ಕು ಪಟಕ್ಕೆ ಏನಾಗುತ್ತದೆ ಎಂದುಕೊಂಡೆ.

ಪಟಗಳು ಚೆನ್ನಾಗಿ ಬಂದವು. ಆದರೆ ಆಚಾರಿ ಮರಳಿ ಬರುವ ಹೊತ್ತಿಗೆ ಪೆಟ್ಟಿಗೆಗಳ ಬಾಯಲ್ಲಿ ಜೇನುಗಳು ಒಂದನ್ನೊಂದು ಕಚ್ಚಿಕೊಂಡು ಉರುಳುತ್ತಿದ್ದವು. ನೆಲದ ಮೇಲೆ ಸತ್ತವುಗಳ ರಾಶಿ. ಚೆಂಡುಹೂವಿನ ಬುಡದಲ್ಲಿದ್ದ ಲೋಟವನ್ನು ಅವನು ಎತ್ತಿ ಮೂಸಿ ನೋಡಿದ.

"ಅಕ್ಕಾ, ಬೆಲ್ಲದ್ ನೀರ ಇಲ್ಲಿಗ್ಯಾಕ್ ತಂದೆ?"

"ನಾ ತರ್ನಿಲ್ಲ ಕಣಪ್ಪಾ."

"ಮತ್ತೆ ಈ ಲೋಟುಕ್ಕೇನ್ ಕಾಲ್ ಬಂದಿದ್ವಾ? ಕೂತ್ಕಂಡ್ ತಿನ್ನೋರ್ಗೆ ಮನೆ ಕಷ್ಟ ಎಲ್ ಗೊತ್ತಾಯ್ತದೆ!"

ಲೋಟವನ್ನು ತಾವು ಯಾರ ಕೈಗೆ ಕೊಟ್ಟಿದ್ದರು ಎಂಬುದು ಅಕ್ಕನಿಗೆ ಗೊತ್ತಿತ್ತು. ಅವರು ನನ್ನತ್ತ ಒಂದು ಸಲ ನೋಡಿದರು. ಕಾದರು. ನಾನು ಕ್ಯಾಮೆರಾದ ಪಟ್ಟಿಯನ್ನು ಸುತ್ತುತ್ತಾ ನಿಂತೆ. ಆಮೇಲೆ ಅವರೇ, "ಆಯ್ತು ಬುಡು, ನಂದೇ ತಪ್ಪು" ಎಂದು ಒಳಗೆ ಹೋದರು.

ಎರಡೇ ದಿನದಲ್ಲಿ ನಾಲ್ಕೂ ಪೆಟ್ಟಿಗೆ ಖಾಲಿಯಾದವು. ತಿಂಗಳು ಕಳೆಯುವುದರಲ್ಲಿ ಅಕ್ಕನೂ ತಮ್ಮನ ಮನೆ ಬಿಟ್ಟು, ನಾಗಮಂಗಲದ ಕಡೆ ಗಂಡನ ಊರಿನ ತುಂಡು ಹೊಲಕ್ಕೆ ಹೋಗಿಬಿಟ್ಟರು.

ಮೂರನೆಯ ವರ್ಷ, ರಾಗಿ ತೆನೆ ಬಲಿಯುವ ಕಾಲದಲ್ಲಿ, ಅಕ್ಕ ಹೋಗಿ ನೆಲೆಸಿದ್ದ ಆ ಊರಿನ ಮದುವೆಗೆ ನನ್ನನ್ನು ಕರೆದರು. ಧಾರೆ ಮುಗಿದು ಜನ ಊಟಕ್ಕೆ ಕೂತಾಗ ನಾನು ಅಕ್ಕನ ಹೊಲ ಕೇಳಿಕೊಂಡು ಹೋದೆ. ಇವತ್ತು ಹೇಳಿಬಿಡಬೇಕು ಎಂದೇ ಹೋದದ್ದು. ರಾಗಿಯ ನಡುವೆ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳಿತ್ತು. ಹೂವಿಗೊಂದು ಜೇನು. ಅಕ್ಕ ದೂರದಲ್ಲಿ ಹುಲ್ಲು ಕುಯ್ಯುತ್ತಿದ್ದರು. ಅವರು ಬರುವವರೆಗೆ ಎಂದು, ಉಳಿದಿದ್ದ ನಾಲ್ಕು ಫ್ರೇಮು ತೆಗೆದೆ. ಜೇನುಗಳು ಅಲುಗಾಡದೆ ಕೂತು ಹೀರುತ್ತಿದ್ದವು. ಅಷ್ಟು ಸುಲಭವಾಗಿ ಅವು ನನಗೆ ಎಂದೂ ಸಿಕ್ಕಿರಲಿಲ್ಲ.

ಕ್ಯಾಮೆರಾ ಕೆಳಗಿಳಿಸಿದೆ. ಆಗ ಒಂದು ಜೇನು ಬಂದು ನನ್ನ ಬಲಗೈಯ ತೋರುಬೆರಳಿನ ಮೇಲೆ ಕೂತಿತು. ಇನ್ನೊಂದು ಬಂತು. ನೋಡನೋಡುತ್ತಿದ್ದಂತೆ ಆ ಬೆರಳೊಂದೇ ಕಾಣದಂತೆ ಮುತ್ತಿಕೊಂಡವು. ಪಕ್ಕದ ಬೆರಳಿಗೆ ಒಂದೂ ಕೂರಲಿಲ್ಲ. ಕಚ್ಚಲಿಲ್ಲ. ನಾಲಿಗೆ ಚಾಚಿ ಚರ್ಮವನ್ನು ನೆಕ್ಕುತ್ತಿದ್ದವು. ಅದು ತಣ್ಣಗೆ ತಿಳಿಯುತ್ತಿತ್ತು. ನಾನು ಬೆಳಿಗ್ಗೆಯಿಂದ ಸಿಹಿ ಮುಟ್ಟಿರಲಿಲ್ಲ. ಕ್ಯಾಮೆರಾ ಮುಟ್ಟಬೇಕೆಂದು ಕೈಯನ್ನು ಸೋಪು ಹಾಕಿ ತೊಳೆದಿದ್ದೆ.

ಅಕ್ಕ ಹತ್ತಿರ ಬಂದು ನಿಂತರು. ಬಹಳ ಸೊರಗಿದ್ದರು.

"ಅಲ್ಲಾಡ್ಬ್ಯಾಡ ಕಣಪ್ಪಾ, ಏನೂ ಮಾಡಕ್ಕಿಲ್ಲ" ಎಂದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಕೈಯಾಗೆ ಬೆಲ್ಲ ಗಿಲ್ಲ ಇದ್ದದಾ?"

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿರಲಿಲ್ಲ. ಬಾಯಿ ತೆರೆದೆ. "ಇಲ್ಲಕ್ಕ" ಎಂದೆ.

ಅಷ್ಟೂ ಜೇನುಗಳು ಒಂದೇ ಸಲಕ್ಕೆ ಎದ್ದವು. ನನ್ನ ಕೈಯಿಂದ ಮಾತ್ರವಲ್ಲ, ಇಡೀ ಸಾಲಿನಿಂದ. ಹೊಲ ನಿಶ್ಶಬ್ದವಾಯಿತು. "ಆಯ್ತು ಬುಡು, ಬಾ, ಮಜ್ಜಿಗೆ ಕುಡುದ್ ಹೋಗು" ಎಂದರು ಅಕ್ಕ. ಮದುವೆಯವರು ಕಾಯುತ್ತಾರೆ ಎಂದು ಹೇಳಿ ಹೊರಟುಬಂದೆ.

ರೋಲನ್ನು ಮೈಸೂರಿನಲ್ಲಿ ತೊಳೆಸಿದೆ. ಮದುವೆಯ ಪಟಗಳೆಲ್ಲ ಸರಿಯಾಗಿದ್ದವು. ಕೊನೆಯ ನಾಲ್ಕರಲ್ಲಿ ಹುಚ್ಚೆಳ್ಳು ಹೂಗಳಿವೆ, ಒಂದರಲ್ಲಿ ಅಂಚಿಗೆ ಬಿಳಿ ಚಿಟ್ಟೆಯೊಂದು ಕೂತು ಹೀರುತ್ತಿದೆ. ಜೇನು ಒಂದೂ ಇಲ್ಲ. ಜೇನು ಕೂತರೆ ಆ ಹೂವು ತುಸು ಬಾಗುತ್ತದೆ. ಪಟದಲ್ಲಿ ಹೂಗಳು ಬಾಗಿವೆ. ನೆಗೆಟಿವ್ವನ್ನು ಭೂತಗನ್ನಡಿ ಇಟ್ಟು ಎಷ್ಟೋ ಸಲ ನೋಡಿದ್ದೇನೆ. ಕಸುಬು ಬಲ್ಲವರಿಗೂ ತೋರಿಸಿದ್ದೇನೆ. ಗಾಳಿಗೆ ಬಾಗಿರಬೇಕು ಎಂದರು. ಅವತ್ತು ಗಾಳಿ ಇರಲಿಲ್ಲ.

ಮತ್ತೆ ಹೋಗಿ ಹೇಳಬೇಕು ಎಂದುಕೊಳ್ಳುತ್ತಲೇ ಸಂಕ್ರಾಂತಿ ಕಳೆಯಿತು. ಒಂದು ಮಧ್ಯಾಹ್ನ ಆಚಾರಿ ತಲೆ ಬೋಳಿಸಿಕೊಂಡು ಸ್ಟುಡಿಯೊ ಬಾಗಿಲಲ್ಲಿ ನಿಂತಿದ್ದ. "ಅಕ್ಕ ವೋಗ್ಬುಡ್ತು ಕಣ್ಲಾ. ಗೋಡೆಗಾಕಕ್ಕೆ ಒಂದ್ ಪಟ ಇದ್ರೆ ಕೊಡು" ಎಂದ. ಆ ಹಿತ್ತಲಲ್ಲಿ ನಾನು ತೆಗೆದ ನೂರಾರು ಪಟಗಳ ಡಬ್ಬಿಗಳನ್ನು ಇಬ್ಬರೂ ಸಂಜೆಯವರೆಗೆ ಹುಡುಕಿದೆವು. ಜೇನು, ಚಿಟ್ಟೆ, ಹೂವು. ಅಕ್ಕನದು ಒಂದೂ ಇರಲಿಲ್ಲ. ಅವನು ಕಣ್ಣೊರೆಸಿಕೊಂಡು ಹೊರಟ. ಆಗಲೂ ನಾನು ಹೇಳಲಿಲ್ಲ.

ಈಗ ಆಚಾರಿಯೂ ಇಲ್ಲ. ಆ ಜೇನುಗಳು ಎಲ್ಲಿ ಹೋದವೋ ನನಗೆ ತಿಳಿಯದು. ಬೆಲ್ಲವನ್ನು ಸವರಿದವನು ನಾನು, ಬೈಗುಳ ತಿಂದು ಮನೆ ಬಿಟ್ಟವರು ಅಕ್ಕ. ಅವರ ಹೆಸರು ಚಿಕ್ಕತಾಯಮ್ಮ.